ನೆಲಗಡಲೆ ಗದ್ದೆಯಲ್ಲಿ ನೇತಾಡಿದ ಸಿ.ಡಿ.

ಕಂಪ್ಯೂಟರಿಗೆ ದೃಷ್ಟಿ ತೆಗೆಯುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅವರು ನನ್ನ ಖಾಸಾ ಸೋದರಮಾವ! ಕುಂದಾಪುರದಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಯಾರಾದರೂ ಗಿರಾಕಿ "ಒಳ್ಳೆ ಕಂಪ್ಯೂಟರ್ ಮಾರಾಯ್ರೆ" ಎಂದು ಹೊಗಳಿ ಹೋದರೆ ಸಂಜೆ ಅದಕ್ಕೆ ಉಪ್ಪು ಮೆಣಸು ನಿವಾಳಿಸಲೇಬೇಕು. ಅದರ ಎದುರು ಅದರ ದೂರು ಹೇಳುವಂತಿಲ್ಲ. ಹೇಳಲೇಬೇಕಿದ್ದರೆ ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ನಿಂತು, ತಗ್ಗಿದ ದನಿಯಲ್ಲಿ ಹೇಳಬೇಕು.

ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಬರುತ್ತಿತ್ತಲ್ಲ, ಅದನ್ನು ಬೈಂದೂರಿನ ಒತ್ತಿನೆಣೆ ಗುಡ್ಡದಲ್ಲೇ ತೆಗೆದದ್ದು ಎಂದು ಮಾವನ ವಾದ. "ಅದ್ ವಿದೇಶದ್ದ್ ಮಾವ" ಎಂದು ನಾನೊಮ್ಮೆ ಹೇಳಿದೆ. ನಾನು ಬ್ರಹ್ಮಾವರದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು, ಅಷ್ಟು ಹೇಳುವ ಅಧಿಕಾರ ನನಗಿಲ್ಲವೇ?

"ಮಳೆ ಬಿಟ್ಟ್ ಮರುದಿನ ನೀ ಒತ್ತಿನೆಣೆ ಹತ್ತಿದ್ಯಾ? ಇಲ್ಯಲೆ? ಮತ್ತೆ ಮಾತಾಡ್ಬೇಡ."

ಇಂಥ ಮಾವ ಒಂದು ಚಳಿಗಾಲದಲ್ಲಿ ಯಾರದೋ ಮಾತು ಕೇಳಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡರು. ಹೊಸದು ನೋಡಲು ಬಹಳ ಚೆಂದ. ಕಿಟಕಿಗಳೆಲ್ಲ ಗಾಜಿನ ಹಾಗೆ ಹೊಳೆಯುತ್ತಿದ್ದವು. ಆದರೆ ಅದಕ್ಕೆ ಮಾವನ ಹಳೆಯ ಸ್ಕ್ಯಾನರಿನ ಪರಿಚಯವೇ ಇರಲಿಲ್ಲ. ಆ ಹೊತ್ತಿಗೆ ಎಲ್ಲ ಡಿಜಿಟಲ್ ಕ್ಯಾಮೆರಾ ಆಗಿತ್ತು, ಸ್ಕ್ಯಾನರಿನ ಕೆಲಸ ಅಪರೂಪ. ಹಾಗಾಗಿ ವಿಷಯ ಕೆಲವು ದಿನ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಂದು ಭಾನುವಾರ. "ಹ್ವಾಯ್, ಕೂಡ್ಲೆ ಬಾ" ಎಂದು ಫೋನು. ಓಡಿದೆ. ಮೇಜಿನ ಮೇಲೊಂದು ಮಾಸಿದ ಚಿತ್ರವಿತ್ತು. ದೋಣಿಯ ಎದುರು ಸಾಲಾಗಿ ನಿಂತ ಮೀನುಗಾರರು, ಒಬ್ಬೊಬ್ಬರ ಮುಖ ಹೆಸರುಕಾಳಿನಷ್ಟು. ಅದರಲ್ಲಿ ಎಡದಿಂದ ಮೂರನೆಯವರು ತೀರಿಹೋಗಿದ್ದರು. ಅವರ ಹೆಂಡತಿ ಗಂಗೊಳ್ಳಿಯಲ್ಲಿ ಮೀನು ಮಾರುವ ಅಕ್ಕ. ಮರುದಿನವೇ ಬೊಜ್ಜ, ಅಂದರೆ ಉತ್ತರಕ್ರಿಯೆ. ಮಣೆಯ ಮೇಲೆ ಗಂಡನ ಫೋಟೋ ಇಟ್ಟು, ದೀಪ ಹಚ್ಚಿ, ಎದುರು ಎಲೆ ಹಾಕಿ ಅವರಿಗೆ ಇಷ್ಟದ್ದನ್ನೆಲ್ಲ ಬಡಿಸಬೇಕು. ಆದರೆ ಆ ಮನುಷ್ಯ ಜೀವಮಾನದಲ್ಲಿ ತೆಗೆಸಿಕೊಂಡದ್ದು ಇದೊಂದೇ ಚಿತ್ರ. ದೊಡ್ಡದು ಮಾಡಿ ಸಂಜೆಗೆ ಕೊಡುತ್ತೇನೆ ಎಂದು ಮಾವ ಮಾತು ಕೊಟ್ಟಾಗಿತ್ತು! ಕ್ಯಾಮೆರಾದಲ್ಲಿ ತೆಗೆದು ನೋಡಿದರೆ ಮುಖ ಮಸುಕು, ಸ್ಕ್ಯಾನರೇ ಆಗಬೇಕು.

"ಬೇರೆ ಸ್ಟುಡಿಯೋಗೆ ಕೊಡುವಾ?" ಎಂದೆ.

"ಇವತ್ತ್ ಐತಾರ. ಬಾಗಿಲ್ ತೆಗ್ದವ್ರ್ ಯಾರಿದ್ರ್? ಎಲ್ಲ ಮದ್ವಿ ವಿಡಿಯೋಕ್ಕೆ ಹೋಯಿದ್ರ್."

ಹಾಗಾದರೆ ಹಳೆಯ ಸಿಸ್ಟಮ್ಮನ್ನೇ ವಾಪಸ್ಸು ಹಾಕಬೇಕು. ಅದಕ್ಕೆ ಅದರ ಸಿ.ಡಿ. ಬೇಕು. "ಹಳೆ ಸಿ.ಡಿ. ಎಲ್ಲಿತ್ತ್ ಮಾವ?"

ಮಾವ ಕಂಪ್ಯೂಟರಿನ ಕಡೆಗೊಮ್ಮೆ ನೋಡಿ, ನನ್ನನ್ನು ಮೆಟ್ಟಿಲಿಗೆ ಕರೆದೊಯ್ದು ಪಿಸುಗುಟ್ಟಿದರು. "ಗದ್ದೇಲಿ."

ನಮ್ಮ ಕಡೆ ಕೊಯ್ಲು ಮುಗಿದ ಗದ್ದೆಗೆ ನೆಲಗಡಲೆ ಹಾಕುವುದು ರೂಢಿ. ಅದಕ್ಕೆ ನವಿಲು, ಕಾಗೆಗಳ ಕಾಟ. ಬಿಸಿಲಿಗೆ ಮಿಂಚುವ ಸಿ.ಡಿ. ಕಂಡರೆ ಅವು ಹೆದರುತ್ತವಂತೆ. ಹೊಸದು ಬಂದ ಮೇಲೆ ಹಳೆಯದು ಯಾಕೆಂದು ಮಾವ ಅದನ್ನು ತಲ್ಲೂರಿನ ಮನೆಯ ಹಿಂದಿನ ಗದ್ದೆಗೆ ಕಟ್ಟಿಬಿಟ್ಟಿದ್ದರು. ಅದೊಂದನ್ನೇ ಕಟ್ಟಿದ್ದರೆ ತೊಂದರೆಯಿರಲಿಲ್ಲ. ಗಿರಾಕಿಗಳು ಕೊಂಡುಹೋಗದ ಮದುವೆ ಸಿ.ಡಿ.ಗಳೂ ಅಲ್ಲೇ ಇದ್ದವು. ಯಾರ್ಯಾರದೋ ಧಾರೆ, ಯಾರ್ಯಾರದೋ ಉಪನಯನ ಗಾಳಿಗೆ ಗಿರಗಿರ ತಿರುಗುತ್ತಿದ್ದವು.

ಸ್ಕೂಟರಿನಲ್ಲಿ ಹೋದ ನಾವು ಗದ್ದೆಗಿಳಿದು ಒಂದೊಂದನ್ನೇ ಹಿಡಿದು ನೋಡತೊಡಗಿದೆವು. ಅತ್ತೆ ಅಂಗಳದಿಂದ ಕೇಳಿದರು. "ಎಂತ ಹುಡ್ಕುದ್?"

"ಆಪರೇಟಿಂಗ್ ಸಿಸ್ಟಮ್" ಎಂದರು ಮಾವ.

"ನಿನ್ನೆ ನವಿಲ್ ಬಂದಿತ್ತ್. ಅದ್ ಕೊಂಡ್ಹೋಯ್ತಾ ಏನೋ" ಎಂದು ಅತ್ತೆ ಒಳಗೆ ಹೋದರು.

ಕೊನೆಗೂ ಬೇಲಿಯ ಮೂಲೆಯಲ್ಲಿ ಸಿಕ್ಕಿತು. ಬಾಳೆನಾರಿನಲ್ಲಿ ಕಟ್ಟಿದ್ದರು, ಮೇಲೆ ಕಾಗೆಯ ಪ್ರಸಾದ ಬೇರೆ. ಮಾವ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಸ್ಟುಡಿಯೋಗೆ ತಂದು, ಕ್ಯಾಮೆರಾ ಲೆನ್ಸು ಒರೆಸುವ ಬಟ್ಟೆಯಿಂದ ಒರೆಸಿ, ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ಹಾಕಿದೆ. ಓದಿತು! ಹೊಸದನ್ನು ಅಳಿಸಿದೆ. ಇನ್ನು ಹಿಂದೆ ಹೋಗುವ ದಾರಿಯಿಲ್ಲ. ಹಳೆಯದು ಬಾರದಿದ್ದರೆ ಆ ಪೆಟ್ಟಿಗೆಯಲ್ಲಿ ಹೊಸದೂ ಇಲ್ಲ, ಹಳೆಯದೂ ಇಲ್ಲ.

ಅಷ್ಟರಲ್ಲಿ ಅದು ಕೀ ಕೇಳಿತು. ಇಂಗ್ಲಿಷ್ ಅಕ್ಷರ, ಅಂಕಿಗಳ ಆ ಉದ್ದ ಸಾಲು ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಇರುತ್ತದೆ. ನೋಡಿದರೆ ಚೀಟಿಯೆಲ್ಲಿ? ಪ್ರತಿ ಆಯುಧ ಪೂಜೆಗೂ ಮಾವ ಸರಿಯಾಗಿ ಅದರ ಮೇಲೆಯೇ ಗಂಧ ಬಳಿದು ಕುಂಕುಮ ಇಟ್ಟಿದ್ದರು. ಅಷ್ಟು ವರ್ಷದ ಭಕ್ತಿ ಬೆರಳ ದಪ್ಪಕ್ಕೆ ಕೂತಿತ್ತು! ಒದ್ದೆ ಹತ್ತಿಯಿಂದ ಒರೆಸುತ್ತಾ ಒಂದೊಂದೇ ಅಕ್ಷರ ಬಿಡಿಸಿದೆವು. ಮಾವ ಪ್ರತಿ ಸಲವೂ ಕೆನ್ನೆ ಬಡಿದುಕೊಂಡರು.

ಪರದೆಯ ಮೇಲೆ ಇನ್ನು ಮೂವತ್ತನಾಲ್ಕು ನಿಮಿಷ ಎಂದು ಬಂತು. ಬಂದದ್ದು ಅಲ್ಲೇ ನಿಂತಿತು. ಗಡಿಯಾರ ಮುಂದೆ ಹೋಯಿತು, ಅದು ಹೋಗಲಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ಗಂಗೊಳ್ಳಿ ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಇಬ್ಬರೂ ಬಾಗಿಲು ನೋಡಿದೆವು. ಆಗಲೇ ಕರೆಂಟು ಹೋಯಿತು. ಯು.ಪಿ.ಎಸ್. ಕೂಗತೊಡಗಿತು. ಮಾವ ಎದ್ದು ಫ್ಯಾನಿನ ಸ್ವಿಚ್ಚು, ಟ್ಯೂಬ್‌ಲೈಟಿನ ಸ್ವಿಚ್ಚು ಎಲ್ಲ ಆಫ್ ಮಾಡಿದರು. ಇಡೀ ಪೇಟೆಗೇ ಕರೆಂಟಿಲ್ಲ, ಇವರು ಉಳಿಸುವುದು ಯಾವುದನ್ನು? ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮಾವ ಮೇಜಿನ ಮೇಲಿದ್ದ ಮಾಸಿದ ಚಿತ್ರವನ್ನು ಕೈಗೆತ್ತಿಕೊಂಡರು.

"ಆ ಹೆಂಗ್ಸಿಗೆ ನಾಳೆ ಎಂತ ಹೇಳುದ್? ಖಾಲಿ ಮಣಿ ಎದ್ರ್ ಎಲೆ ಹಾಕಿ ಅಂಬ್ದಾ?"

ಯು.ಪಿ.ಎಸ್. ದನಿ ಕ್ಷೀಣಿಸುವ ಹೊತ್ತಿಗೆ ಕರೆಂಟು ಬಂತು. ಪರದೆ ಅಲುಗಿತು, ನಿಮಿಷಗಳು ಇಳಿಯತೊಡಗಿದವು. ಹಸಿರು ಗುಡ್ಡ ಕಂಡಾಗ ಮಾವ ಕುರ್ಚಿಯಲ್ಲಿ ಕುಸಿದು ಕೂತರು. ಸ್ಕ್ಯಾನರು ಕೆಮ್ಮಿ, ಗೊರಗುಟ್ಟಿ, ಕೆಲಸ ಶುರುಮಾಡಿತು.

ಅಕ್ಕ ಬಂದಾಗ ಪ್ರಿಂಟರಿನಿಂದ ಚಿತ್ರ ಇಷ್ಟಿಷ್ಟೇ ಹೊರಬರುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ, ಕಣ್ಣು. ಅವರು ಬುಟ್ಟಿಯನ್ನು ಹೊರಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದರು. ಇಷ್ಟು ಹತ್ತಿರದಿಂದ ಆ ಮುಖ ಕಾಣುತ್ತದೆಂದು ಅವರು ಎಣಿಸಿರಲಿಲ್ಲ. ಕೈ ಮುಂದೆ ಬಂತು.

"ಮುಟ್ಬೇಡಿ ಅಕ್ಕ, ಶಾಯಿ ಹಸಿ ಇತ್ತ್" ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ನೀ ಸುಮ್ನಿರ್" ಎಂದು ನನಗೆ ಗದರಿದ ಮಾವ, ಚಿತ್ರವನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದರು. "ಮುಟ್ಟಿ ಅಕ್ಕ. ಇನ್ನೊಂದ್ ತೆಗೂಕೆ ಆತ್ತ್."

ಅಕ್ಕ ಗಂಡನ ಕೆನ್ನೆಗೆ ಅಂಗೈ ಇಟ್ಟರು. ಇಟ್ಟದ್ದನ್ನು ಬೇಗ ತೆಗೆಯಲಿಲ್ಲ. ತೆಗೆದಾಗ ಕೆನ್ನೆಯ ಬಣ್ಣ ಕಲಸಿಹೋಗಿತ್ತು. ಮಾವ ನಮಗೆ ಬೆನ್ನು ಹಾಕಿ ಕೂತು ಇನ್ನೊಂದು ಪ್ರಿಂಟು ತೆಗೆದರು. ಅದು ಒಣಗಲೆಂದು ನಾನು ಎದ್ದು ಫ್ಯಾನಿನ ಸ್ವಿಚ್ಚು ಹಾಕಿದೆ. ಒಣಗಿದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟ ಮಾವ, ಕಲಸಿದ್ದನ್ನು ಎತ್ತಿಡಲು ಹೋದರು. ಅಕ್ಕ ಅವರ ಕೈ ತಡೆದರು.

"ಅದ್ ನಾಳಿಗೆ" ಎಂದರು, ಸುತ್ತಿದ್ದನ್ನು ತೋರಿಸಿ. "ಇದ್ ನಂಗೆ."