ಐದು ಕಿಲೋ ಉಪ್ಪು, ಒಂದು ಗಿಟಾರು

ಗಿಟಾರಿಗಿಂತ ಮೊದಲು ಪೆಟ್ಟಿಗೆಯೇ ಹಾಡಲು ಶುರುಮಾಡಿದ್ದು ಕಿರಣಕುಮಾರನ ಗ್ರಹಚಾರ. ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅವನು ಕಣ್ಣು ಮುಚ್ಚಿ, ಮಂತ್ರಾಲಯದ ರಾಯರನ್ನು ನೆನೆದು, ಎರಡು ತಿಂಗಳಿಂದ ಕೈಯಾರೆ ಕಟ್ಟಿದ ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿದ. ಹೊಗೆ ಬರಲಿಲ್ಲ, ಫ್ಯೂಸೂ ಹಾರಲಿಲ್ಲ. ಆದರೆ ತಂತಿ ಮೀಟುವ ಮೊದಲೇ ಪೆಟ್ಟಿಗೆಯೊಳಗಿಂದ 'ಗುಂಯ್' ಎಂಬ ಸದ್ದು ಎದ್ದು, ಕೋಣೆ ತುಂಬಿ, ಕಿಟಕಿ ದಾಟಿ ಹೊರಟಿತು. ಜೇನುಗೂಡಿಗೆ ಯಾರೋ ಕಲ್ಲು ಹೊಡೆದಂತಿತ್ತು.

ಅದೇ ಸಂಜೆ ಆರು ಗಂಟೆಗೆ ಆನಂದ್ ಬರುವವನಿದ್ದ. ಹಲಸೂರಿನಲ್ಲಿ ಮದುವೆಮನೆಗಳಿಗೆ ಆರ್ಕೆಸ್ಟ್ರಾ ನಡೆಸುವ ಆನಂದನ ಗಿಟಾರಿನವನು ಆಂಪ್ಲಿಫೈಯರ್ ಸಮೇತ ಬೇರೆ ಪಾರ್ಟಿಗೆ ಹಾರಿಹೋಗಿದ್ದ. "ಗಿಟಾರ್ ಬಾರಿಸೋರು ಬೇಕಾದಷ್ಟು ಸಿಕ್ತಾರೆ ಗುರು, ಸ್ವಂತ ಆಂಪ್ ಇರೋರು ಸಿಗಲ್ಲ. ನಿನ್ ಹತ್ರ ಐತಾ?" ಎಂದು ಅವನು ಕೇಳಿದಾಗ ಕಿರಣಕುಮಾರ "ಐತ್ರಿ" ಎಂದು ಹೇಳಿಬಿಟ್ಟಿದ್ದ. ಆಗ ಅವನ ಹತ್ತಿರ ಇದ್ದದ್ದು ಒಂದು ಸ್ಪೀಕರು, ಶಿವಾಜಿನಗರದಲ್ಲಿ ಕೊಂಡ ಬೋರ್ಡು, ಅರ್ಥವಾಗದ ಒಂದು ನಕ್ಷೆ, ಮತ್ತು ಧೈರ್ಯ.

ರಾಯಚೂರಿನ ಕಡೆಯ ಹುಡುಗ, ಕೆ.ಆರ್. ಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ದಿನವಿಡೀ ನಟ್ಟು ಬೋಲ್ಟು ಎಣಿಸುವವನಿಗೆ ಒಂದು ಸಲವಾದರೂ ವೇದಿಕೆ ಹತ್ತಿ ನಿಲ್ಲಬೇಕೆಂಬ ಆಸೆ. ಕಾರ್ಖಾನೆಯ ಪ್ಯಾಕಿಂಗ್ ಹಲಗೆಯಿಂದ ಪೆಟ್ಟಿಗೆ ಮಾಡಿದ್ದ. ಸ್ಪೀಕರಿಗೆ ಕೊರೆದ ತೂತು ಗುಂಡಗೆ ಬರದೆ ಹಲಸಿನ ಹಣ್ಣಿನ ಆಕಾರಕ್ಕೆ ಬಂದಿದ್ದರಿಂದ, ಅದು ಕಾಣದಂತೆ ಜೋಗುಪಾಳ್ಯದಲ್ಲಿ ಒಂದು ಕೆಂಪು ಬ್ಲೌಸ್ ಪೀಸ್ ಕೊಂಡು ಮುಂಭಾಗಕ್ಕೆ ಹೊಡೆದಿದ್ದ. ಜರಿ ಅಂಚಿನದೇ ಸಿಕ್ಕಿತ್ತು. ಈಗ ಸ್ವಿಚ್ಚು ಹಾಕಿದ ಮೇಲೆ ಇನ್ನೊಂದು ವಿಚಾರ ತಿಳಿಯಿತು. ತಂತಿ ಮುಟ್ಟಿದರೆ ಬೆರಳಿಗೆ ಇರುವೆ ಕಚ್ಚಿದ ಹಾಗೆ ಜುಮ್ ಎನ್ನುತ್ತಿತ್ತು. ಎಲೆಕ್ಟ್ರಿಕ್ ಗಿಟಾರ್ ಎಂದ ಮೇಲೆ ಒಂದಿಷ್ಟು ಎಲೆಕ್ಟ್ರಿಕ್ ಇರಲೇಬೇಕಲ್ಲ ಎಂದುಕೊಂಡು ಅವನು ಅದನ್ನು ಹೊಟ್ಟೆಗೆ ಹಾಕಿಕೊಂಡ.

ಗುಂಯ್ ಕೇಳಿ ಮೊದಲು ಓಡಿಬಂದವಳು ಪಕ್ಕದ ಕೋಣೆಯ ಮಾನಮ್ಮ. ಅವಳೂ ರಾಯಚೂರಿನ ಕಡೆಯವಳೇ.

"ಏನ್ ತಮ್ಮಾ, ಹಿಟ್ಟಿನ ಗಿರಣಿ ಹಾಕೀಯೇನು?"

"ಇಲ್ಲಕ್ಕಾ, ಸಂಗೀತ."

"ಹಿಂಗಿರ್ತೈತೇನು ಸಂಗೀತ?" ಎಂದು ಅವಳು ಕೆಂಪು ಬಟ್ಟೆ ಹೊದ್ದ ಪೆಟ್ಟಿಗೆಯನ್ನು ಅನುಮಾನದಿಂದ ನೋಡಿದಳು.

ಅಷ್ಟರಲ್ಲಿ ಹೊರಗೆ ಗದ್ದಲ. ಮನೆಯ ಯಜಮಾನರಾದ ಮುನಿವೆಂಕಟಪ್ಪನವರು ಆ ಸದ್ದು ಕೇಳಿ, ಬೋರ್‌ವೆಲ್ಲಿನ ಮೋಟರು ಸುಡುತ್ತಿದೆ ಎಂದುಕೊಂಡು, ಓಡಿಹೋಗಿ ಮೋಟರು ಆರಿಸಿದ್ದರು. ಕಗ್ಗದಾಸಪುರದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಅವರೀಗ ಬಾಡಿಗೆ ಕೋಣೆ ಬೆಳೆಯುತ್ತಿದ್ದರು. ಆರು ಕೋಣೆಗಳಲ್ಲಿ ಆರು ಮಂದಿ ಮೈಗೆ ಸೋಪು ಹಚ್ಚಿಕೊಂಡು ನಲ್ಲಿಯನ್ನೇ ನೋಡುತ್ತ ನಿಂತಿದ್ದರು. ಸದ್ದು ಬರುತ್ತಿರುವುದು ಮೋಟರಿನಿಂದಲ್ಲ, ಕಿರಣಕುಮಾರನ ಪೆಟ್ಟಿಗೆಯಿಂದ ಎಂದು ಗೊತ್ತಾದಾಗ ಆ ಆರು ಮಂದಿ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

"ನೋಡಪ್ಪ ಕಿರಣ," ಎಂದರು ಮುನಿವೆಂಕಟಪ್ಪ. "ಸಂಜೆ ನಮ್ಮಮ್ಮನ ಹತ್ರ ಜನ ಬತ್ತಾರೆ. ಆಗ ಈ ಸದ್ದು ಕೇಳಿಸ್ಬಾರ್ದು."

ಅವರ ತಾಯಿ ಅಕ್ಕಯಮ್ಮನಿಗೆ ಎಂಬತ್ತು ವರ್ಷ, ಕೈಯಲ್ಲಿ ಶಕ್ತಿ. ಪ್ರತಿ ಮಂಗಳವಾರ ಸಂಜೆ ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ಜಾಗ ಸಾಲದೆ ಜಗಲಿಯಲ್ಲೇ ನಿಂತ ಫ್ರಿಜ್ಜಿನ ಮೇಲೆ ಊರದೇವತೆಯ ಪಟವಿತ್ತು. ಎಡಗೈಯನ್ನು ಭಕ್ತಿಯಿಂದ ಅದರ ಕೆಳಗಿಟ್ಟು, ಬಲಗೈಯಿಂದ ಎದುರಿಗೆ ಬರಿನೆಲದ ಮೇಲೆ ಕೂತವರ ಮಂಡಿ ಮುಟ್ಟಿದರೆ ಸಾಕು, ಜುಮ್ ಎಂದು ಏನೋ ಹರಿದು ನೋವು ಮಾಯ. ಬಾಣಸವಾಡಿಯಿಂದಲೂ ಜನ ಬರುತ್ತಿದ್ದರು. ಯಾರಿಂದಲೂ ಆಕೆ ಒಂದು ಬಾಳೆಹಣ್ಣನ್ನೂ ತೆಗೆದುಕೊಂಡವರಲ್ಲ. ಆರು ವರ್ಷದ ಹಿಂದೆ, ಮನೆಗೆ ಹಳೇ ಫ್ರಿಜ್ಜು ಬಂದ ವರ್ಷವೇ ಆಕೆಗೆ ಶಕ್ತಿಯೂ ಬಂದಿತ್ತು. ಎರಡೂ ಆ ಮನೆಯ ಭಾಗ್ಯ ಎಂದು ಬೀದಿ ಹೇಳುತ್ತಿತ್ತು.

ಕಿರಣಕುಮಾರ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಗಿಟಾರನ್ನು ಕೈಯಲ್ಲಿ ಹಿಡಿದು ಶಿವಾಜಿನಗರದ ಬಸ್ಸು ಹತ್ತಿದ. "ಒಳಗೆ ದೇವರಿದ್ರೆ ಲಗೇಜ್ ಬೇಡ, ಸಾಮಾನಿದ್ರೆ ಲಗೇಜ್ ಕೊಡ್ಬೇಕು" ಎಂದ ಕಂಡಕ್ಟರು. ಪೆಟ್ಟಿಗೆಯೊಳಗೆ ಏನಿದೆ ಎಂದು ನಿಜ ಹೇಳಿದ್ದಕ್ಕೆ ಲಗೇಜು ಕೊಡಬೇಕಾಯಿತು.

ಬೋರ್ಡು ಮಾರಿದ್ದ ಖಾದರ್, ರೇಡಿಯೋ ರಿಪೇರಿಯವನು, ಅಂಗಡಿಯಲ್ಲೇ ಪ್ಲಗ್ ಚುಚ್ಚಿ ಸ್ವಿಚ್ಚು ಹಾಕಿದ. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ. ತಂತಿ ಮೀಟಿದರೆ ಗಂಟೆ ಹೊಡೆದಂಥ ನಾದ, ಬೆರಳಿಗೆ ಇರುವೆಯೂ ಇಲ್ಲ. ರಾತ್ರಿಯಿಡೀ ಕೆಮ್ಮಿದ ಮಗು ಡಾಕ್ಟರ ಮುಂದೆ ಕಿಲಕಿಲ ನಕ್ಕಂತಾಯಿತು.

"ಮನ್ಯಾಗ ಹಿಂಗಿಲ್ರಿ ಇದು!" ಎಂದ ಕಿರಣಕುಮಾರ ಕಂಗಾಲಾಗಿ.

"ಅರೆ ಭಾಯ್, ತಪ್ಪು ಡಬ್ಬದ್ದಲ್ಲ, ಮನೇದು. ನಿಮ್ ಗೋಡೇಲಿ ಮೂರನೇ ತೂತು ಐತಲ್ಲ, ಅದು ಬರೀ ಶೋಕಿಗೆ. ಅರ್ತಿಂಗೇ ಇಲ್ಲ." ಖಾದರ್ ಬೆರಳು ಮಡಚುತ್ತ ಹೇಳಿದ. "ಗುಂಡಿ ತೋಡಿ. ಇದ್ದಿಲು ಹಾಕಿ, ಉಪ್ಪು ಹಾಕಿ. ತಾಮ್ರದ ತಗಡಿಗೆ ವೈರ್ ಕಟ್ಟಿ ಹೂತ್ಬಿಡಿ, ಮೇಲೆ ನೀರು ಬಿಡಿ. ವೈರಿನ ಈ ಕಡೆ ತುದಿ ಮೂರನೇ ತೂತಿಗೆ. ಖರಾಬ್ ಕರೆಂಟೆಲ್ಲ ಸೀದಾ ಮಣ್ಣಿಗೆ. ಇಡೀ ಮನೆಗೇ ಒಳ್ಳೇದು."

ಇದ್ದಿಲು, ಉಪ್ಪು, ತಾಮ್ರ. ಅದಕ್ಕೂ ಸಂಗೀತಕ್ಕೂ ಏನು ಸಂಬಂಧವೆಂದು ಕಿರಣಕುಮಾರನಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಎಲ್ಲವನ್ನೂ ಕೊಂಡ. ಐದು ಕಿಲೋ ಕಲ್ಲುಪ್ಪು, ಒಂದು ಚೀಲ ಇದ್ದಿಲು, ಗುಜರಿಯಲ್ಲಿ ಸಿಕ್ಕ ಹಳೇ ತಾಮ್ರದ ತಟ್ಟೆ.

ಮಧ್ಯಾಹ್ನ ಎರಡೂವರೆಗೆ ಮನೆ ಮುಟ್ಟಿದಾಗ ಮುನಿವೆಂಕಟಪ್ಪ ಇರಲಿಲ್ಲ. ತಮ್ಮನೊಂದಿಗಿನ ಗಡಿ ತಕರಾರಿಗಾಗಿ ತಾಲ್ಲೂಕು ಕಚೇರಿಗೆ ಹೋಗಿದ್ದರು. ಅಕ್ಕಯಮ್ಮ ನಿದ್ದೆಯಲ್ಲಿದ್ದರು. ಬಂದಮೇಲೆ ಹೇಳಿದರಾಯಿತು ಎಂದುಕೊಂಡು ಕಿರಣಕುಮಾರ ತೆಂಗಿನ ಮರದ ಬುಡದಲ್ಲಿ ಹಾರೆ ಹಾಕಿದ. ಮೂರು ಅಡಿ ತೋಡುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಸೊಂಟ ನೆಟ್ಟಗೆ ಮಾಡಲಾಗದೆ ಬಾಗಿಕೊಂಡೇ ಇದ್ದಿಲು ಸುರಿದ, ಉಪ್ಪು ಸುರಿದ, ತಟ್ಟೆಗೆ ವೈರು ಬಿಗಿದು ಇಳಿಸಿದ, ಚೊಂಬಿನಿಂದ ನೀರು ಬಿಟ್ಟ. ನೋವಿಗೆ ಅವನ ತುಟಿ ಏನೇನೋ ಗೊಣಗುತ್ತಿತ್ತು.

ಇದನ್ನೆಲ್ಲ ಮಾನಮ್ಮ ಬಟ್ಟೆ ಒಣಹಾಕುತ್ತ ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮನೆಯೊಡೆಯ ಇಲ್ಲದ ಹೊತ್ತು, ಮಂಗಳವಾರ, ಇದ್ದಿಲು, ಉಪ್ಪು, ತಾಮ್ರ, ಬಾಯಲ್ಲಿ ಮಂತ್ರ. ಅವಳ ಕೈಯಲ್ಲಿದ್ದ ಒದ್ದೆ ಸೀರೆ ಜಾರಿ ಮಣ್ಣಿಗೆ ಬಿತ್ತು.

ನಾಲ್ಕು ಗಂಟೆಗೆ ಮುನಿವೆಂಕಟಪ್ಪ ಗೇಟು ದಾಟುವ ಮೊದಲೇ ಅವರಿಗೆ ಸುದ್ದಿ ಮುಟ್ಟಿತ್ತು. ಅವರು ಚಪ್ಪಲಿಯನ್ನೂ ಬಿಡದೆ ಗುಂಡಿಯ ಹತ್ತಿರ ಹೋಗಿ, ಕೈಯಿಂದಲೇ ಮಣ್ಣು ಕೆದಕಿ, ತಟ್ಟೆಯನ್ನು ಎತ್ತಿದರು.

"ಮಾಟ ಮಾಡ್ಸವ್ನೆ! ನಮ್ ತಮ್ಮ ಎಷ್ಟು ಕೊಟ್ಟ ನಿಂಗೆ? ಹೇಳು! ಇದ್ರ ಮೇಲೆ ಅಕ್ಷರ ಬೇರೆ ಐತೆ!"

ತಟ್ಟೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರವೇನೋ ಇತ್ತು. ಯಾವುದೋ ಕಾಲದಲ್ಲಿ ಯಾರದೋ ಮದುವೆಗೆ ಉಡುಗೊರೆ ಕೊಟ್ಟದ್ದು. 'ಚಿ. ಸೌ.' ಎಂಬುದಷ್ಟೇ ಉಳಿದು ಹೆಸರು ಸವೆದುಹೋಗಿತ್ತು.

"ಯಾರಪ್ಪಾ ಈ ಚಿರಂಜೀವಿ ಸೌಭಾಗ್ಯವತಿ? ನಮ್ಮನೆ ಹೆಣ್ಮಕ್ಳಲ್ಲಿ ಯಾರು?"

"ಮಾಲಕ್ರೇ, ದೇವರಾಣೆ, ಅದು ಅರ್ತಿಂಗ್ ರೀ! ಬರ್ರಿ, ತೋರಸ್ತೀನಿ!"

ತಟ್ಟೆಯನ್ನು ಮತ್ತೆ ಹೂತು, ಅವರನ್ನು ಕೋಣೆಗೆ ಕರೆದೊಯ್ದ. ಗೋಡೆಯ ಮೂರನೇ ತೂತಿನಿಂದ ವೈರು ತೆಗೆದರೆ ಗುಂಯ್, ವೈರು ಕೊಟ್ಟರೆ ಗಪ್‌ಚುಪ್. ಹತ್ತು ಸಲ ಮಾಡಿ ತೋರಿಸಿದ. ಹನ್ನೊಂದನೆಯ ಸಲ ಮುನಿವೆಂಕಟಪ್ಪ ತಾವೇ ಮಾಡಿ ನೋಡಿದರು.

"ಇದು ಇಡೀ ಮನೆಗೆ ಆಯ್ತದಾ?"

"ಇಡೀ ಮನಿಗೇ ಆಗ್ತೈತ್ರಿ."

"ಖರ್ಚು?"

"ನಂದೇ ರೀ."

ಮುನಿವೆಂಕಟಪ್ಪನವರ ಮುಖ ಅರಳಿತು. "ಓದಿದ ಹುಡುಗ್ರು ಅಂದ್ರೆ ಹಿಂಗಿರ್ಬೇಕು" ಎಂದು ಮಾನಮ್ಮನಿಗೆ ಕೇಳುವಂತೆ ಹೇಳಿ, ಬೆನ್ನು ತಟ್ಟಿದರು. ಹಿಡಿದುಕೊಂಡಿದ್ದ ಬೆನ್ನು. ಕಿರಣಕುಮಾರ ಹಲ್ಲು ಕಚ್ಚಿ ನಕ್ಕ.

ಆರು ಗಂಟೆಗೆ ಸರಿಯಾಗಿ ಆನಂದ್ ಬಂದ. ಮೂರು ತಿಂಗಳಿಂದ ಕತ್ತು ಹಿಡಿದುಕೊಂಡಿದ್ದ ಅವನು, ಪಕ್ಕಕ್ಕೆ ನೋಡಬೇಕಾದರೆ ಬೀರುವಿನ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಚಪ್ಪಲಿ ಬಿಟ್ಟು ಒಳಬಂದು ಕಬ್ಬಿಣದ ಕುರ್ಚಿಯಲ್ಲಿ ಕೂತ. ಕಿರಣಕುಮಾರ ಬಾಗಿದ ಬೆನ್ನಲ್ಲೇ ಗಿಟಾರು ಎತ್ತಿ ಮೀಟಿದ. ನಾದ ಹೊಮ್ಮಿತು. ಗುಂಯ್ ಇಲ್ಲ, ಇರುವೆ ಇಲ್ಲ. ತನ್ನ ಕೈಯೇ ಇದು ಎಂದು ಅವನಿಗೆ ನಂಬಿಕೆ ಬರಲಿಲ್ಲ. ಎರಡು ತಿಂಗಳ ಬೆಸುಗೆಯ ಹೊಗೆ, ಸುಟ್ಟ ಬೆರಳು ಎಲ್ಲ ಸಾರ್ಥಕವೆನಿಸಿ ಕಣ್ಣು ತುಂಬಿಬಂತು.

"ಸೂಪರ್ ಗುರು! ಡಬ್ಬ ನೋಡೋಕೆ ಮಾರಮ್ಮನ ಗುಡಿ ಥರ ಐತೆ, ಸೌಂಡ್ ಮಾತ್ರ ಬೆಂಕಿ. ಭಾನ್ವಾರ ಜೋಗುಪಾಳ್ಯದಲ್ಲಿ ರಿಸೆಪ್ಶನ್. ನೀನು..."

"ಅಯ್ಯಯ್ಯೋ!" ಎಂದು ಜಗಲಿಯಿಂದ ಕೂಗು ಬಂತು.

ಕಿರಣಕುಮಾರ ಓಡಿದ. ಮೂವತ್ತು ಜನ ಭಕ್ತರು ನಿಂತಿದ್ದರು. ಬಾಣಸವಾಡಿಯ ಹೆಂಗಸೊಬ್ಬಳು ಮಂಡಿ ಚಾಚಿ ಕೂತಿದ್ದಳು. ಅಕ್ಕಯಮ್ಮ ಮುಟ್ಟಿದರು. ಮತ್ತೆ ಮುಟ್ಟಿದರು. ಎಡಗೈಯನ್ನು ಫ್ರಿಜ್ಜಿಗೆ ಒತ್ತಿ ಒತ್ತಿ ಇಟ್ಟು ಮುಟ್ಟಿದರು.

"ಏನೂ ಆಗ್ತಿಲ್ವಲ್ಲಮ್ಮ" ಎಂದಳು ಹೆಂಗಸು.

ಮಾನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನಾ ಮೊದ್ಲೇ ಹೇಳಿದ್ನಿಲ್ಲೋ? ಅಜ್ಜಿ ಶಕ್ತೀನ ಅಲ್ಲಿ ಉಪ್ಪಿನಾಗ ಹುಗದಾನ!"

ಆಗ ಕಿರಣಕುಮಾರನಿಗೆ ಒಮ್ಮೆಗೇ ಎಲ್ಲವೂ ಹೊಳೆಯಿತು. ಆ ದಿನ ಅವನಿಗೆ ಅರ್ಥವಾದ ವಿಷಯ ಅದೊಂದೇ, ಅದೂ ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಮಾಲಕ್ರೇ, ಅದು ಶಕ್ತಿ ಅಲ್ರಿ, ಫ್ರಿಜ್ಜಿನ ಕರೆಂಟ್ ರೀ! ಲೀಕ್ ಆಗ್ತಿತ್ತು. ಅಜ್ಜಿ ಕೈಯಾಗಿಂದ ಎಲ್ಲಾರ ಮಂಡಿಗೆ ಹೋಗ್ತಿತ್ತು. ಈಗ ಮಣ್ಣಿಗೆ ಹೋಗ್ಲಿಕ್ಕತ್ತೈತಿ!"

"ನಮ್ಮಮ್ಮನ್ನ ಫ್ರಿಜ್ಜು ಅಂತೀಯೇನೋ?" ಎಂದರು ಮುನಿವೆಂಕಟಪ್ಪ.

"ಹಂಗಾದ್ರೆ ನನ್ ಮಂಡಿ ವಾಸಿಯಾಗಿದ್ದು ಸುಳ್ಳಾ?" ಎಂದ ಹಿಂದಿನಿಂದ ಒಬ್ಬ ಮುದುಕ. ಅವನು ಊರುಗೋಲು ಬಿಟ್ಟು ಎರಡು ವರ್ಷವಾಗಿತ್ತು.

ಅಕ್ಕಯಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳದೆ, ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬಳೆ ಕಳೆದುಕೊಂಡ ಹುಡುಗಿಯ ಹಾಗೆ ತುಟಿ ನಡುಗುತ್ತಿತ್ತು. "ನಾನೇನು ತಪ್ಪು ಮಾಡ್ದೆ ತಾಯಿ" ಎಂದು ಪಟದ ಕಡೆ ನೋಡಿದರು.

"ತಡೀರಿ ಅಜ್ಜಿ. ನಾನೇ ಹಾಕಿದ್ದು, ನಾನೇ ಕೀಳ್ತೀನಿ" ಎಂದು ಕಿರಣಕುಮಾರ ತೆಂಗಿನ ಮರದ ಕಡೆ ನಡೆದು, ವೈರನ್ನು ಎರಡು ಕೈಯಲ್ಲಿ ಹಿಡಿದು ಕಿತ್ತ.

ಜಗಲಿಯಿಂದ "ಹಾ! ಜುಮ್ ಅಂತು!" ಎಂಬ ಕೂಗು ಎದ್ದಿತು. ಯಾರೋ ತೆಂಗಿನಕಾಯಿ ಒಡೆದರು. ಅದೇ ಗಳಿಗೆಗೆ ಅವನ ಕೋಣೆಯೊಳಗಿಂದ ಮೊದಲು 'ಗುಂಯ್' ಎಂಬ ಸದ್ದು, ಅದರ ಹಿಂದೆಯೇ "ಅಮ್ಮಾ!" ಎಂಬ ಕಿರುಚಾಟ ಬಂತು.

ಎಲ್ಲರೂ ನುಗ್ಗಿದರು. ಕಾಯುವ ಬೇಸರಕ್ಕೆ ಆನಂದ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿಯ ಮೇಲೆ ಕೈಯಾಡಿಸುತ್ತಿದ್ದ. ಈಗ ಅವನು ಗಿಟಾರು ಬಿಟ್ಟು ಎದ್ದು ನಿಂತಿದ್ದ. ಬಾಗಿಲಲ್ಲಿ ನಿಂತವರನ್ನು ನೋಡಿದ, ಕಿಟಕಿಯ ಕಡೆ ನೋಡಿದ, ಮತ್ತೆ ಬಾಗಿಲ ಕಡೆ ನೋಡಿದ. ಮೈ ಅಲ್ಲಾಡಲಿಲ್ಲ, ಕತ್ತು ಮಾತ್ರ ತಿರುಗಿತು.

"ಗುರು... ತಿರುಗ್ತು! ಮೂರು ತಿಂಗ್ಳಾದ್ಮೇಲೆ ತಿರುಗ್ತು!"

ಅಕ್ಕಯಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಕೆಂಪು ಬಟ್ಟೆಯ ಪೆಟ್ಟಿಗೆಯನ್ನೂ ಅದರ ಜರಿ ಅಂಚನ್ನೂ ನೋಡಿ ಕೈ ಮುಗಿದರು. "ಮಣ್ಣಿಂದ ವಾಪಸ್ ಬರೋವಾಗ ತಾಯಿ ಅರ್ಧ ಇಲ್ಲೇ ಉಳ್ಕೊಂಡವ್ಳೆ. ನಂಗೂ ವಯಸ್ಸಾಯ್ತು. ಒಂದ್ ಕೈಗೆ ಇಷ್ಟು ಜನ ಆಗಕಿಲ್ಲ ಅಂತ ಅವಳಿಗೆ ಗೊತ್ತಿಲ್ವಾ?"

ಮಾನಮ್ಮ ಎಲ್ಲರಿಗಿಂತ ಮೊದಲು ಅರಿಸಿನ ಕುಂಕುಮ ತಂದಳು. ಐದು ನಿಮಿಷದಲ್ಲಿ ಸಾಲು ಎರಡಾಯಿತು. ಮಂಡಿಯವರು ಜಗಲಿಗೆ, ಕತ್ತು ಭುಜದವರು ಕಿರಣಕುಮಾರನ ಕೋಣೆಗೆ. ಚಪ್ಪಲಿ ಹೊರಗೆ ಬಿಡಿಸುವ ಕೆಲಸವನ್ನು ಮುನಿವೆಂಕಟಪ್ಪ ತಾವೇ ವಹಿಸಿಕೊಂಡರು.

ಕಿರಣಕುಮಾರ ಗುಂಪಿನೊಳಗೆ ನುಸುಳಿ ಆನಂದನ ತೋಳು ಹಿಡಿದ. "ಅಣ್ಣಾ, ಭಾನ್ವಾರ ರಿಸೆಪ್ಶನ್ನಿಗೆ ಎಷ್ಟು ಗಂಟೆಗೆ ಬರ್ಲಿ?"

ಆನಂದ್ ಸರಾಗವಾಗಿ ಕತ್ತು ತಿರುಗಿಸಿ ಅವನನ್ನು ನೋಡಿದ. "ತಲೆ ನೆಟ್ಟಗಿದ್ಯಾ ಗುರು? ಅಲ್ಲಿ ಸ್ಟೇಜ್ ಮೇಲೆ ಬೂಟ್ ಹಾಕ್ಕೊಂಡು ಕುಣೀತಾರೆ, ಕೆಳಗಡೆ ಬಿರಿಯಾನಿ ಬೇಯ್ತಿರುತ್ತೆ. ಇಂಥಾ ಗಿಟಾರ್ ಅಲ್ಲಿಗೆ ತರ್ತಾರಾ? ಪಾಪ ಸುತ್ಕೊಳ್ಳುತ್ತೆ. ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ ಬಿಡು." ಎರಡು ಹೆಜ್ಜೆ ಹೋದವನು ತಿರುಗಿ ಬಂದ. "ಮುಂದಿನ್ ಮಂಗಳವಾರ ನಮ್ ಡ್ರಮ್ಮರ್‌ನ ಕರ್ಕೊಂಡ್ ಬರ್ತೀನಿ. ಭುಜ ಎತ್ತೋಕೇ ಆಗ್ತಿಲ್ಲ ಅವನಿಗೆ."

ಏಳೂವರೆಗೆ ಜನ ಕರಗಿದರು. ಗಿಟಾರಿನ ತುಂಬ ಕುಂಕುಮ, ಪೆಟ್ಟಿಗೆಗೆ ಎರಡು ಮೊಳ ಸೇವಂತಿಗೆ. ಕಿರಣಕುಮಾರ ಜಗಲಿಯ ಅಂಚಿನಲ್ಲಿ ಬಾಗಿಕೊಂಡೇ ಕೂತಿದ್ದ.

"ಏನಪ್ಪಾ, ಬೆನ್ನು ನೋವಾ?" ಎಂದರು ಅಕ್ಕಯಮ್ಮ. "ಎಲ್ರಿಗೂ ವಾಸಿ ಮಾಡ್ದೆ, ನಿಂದ್ಯಾಕೆ ಹಂಗೇ ಇಟ್ಕೊಂಡೆ? ಅವರವರ ಶಕ್ತಿ ಅವರವ್ರಿಗೆ ತಾಕಲ್ಲ ಕಣೋ. ನನ್ನ ಮಂಡೀನೂ ಹಿಂಗೇ. ಬಾ ಇಲ್ಲಿ."

ಅವನು ಹತ್ತಿರ ಹೋಗಿ ಬರಿನೆಲದ ಮೇಲೆ ಕೂತ. ಆಕೆ ಎಡಗೈಯನ್ನು ಫ್ರಿಜ್ಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಬಲಗೈಯಿಂದ ಅವನ ಬೆನ್ನು ಮುಟ್ಟಿದರು. ಜುಮ್ ಎಂದಿತು. ನೋವು ಇದ್ದಲ್ಲಿಯೇ ಇತ್ತು.

"ಹೋಯ್ತಾ ಮಗಾ?"

ಆ ಮುಖವನ್ನು ಅವನು ಇನ್ನೊಂದು ಸಲ ನೋಡಿದ.

"ಹೋಯ್ತಜ್ಜಿ" ಎಂದು, ಸೊಂಟದ ಮೇಲೆ ಕೈಯಿಟ್ಟು, ಕಷ್ಟಪಟ್ಟು ನೆಟ್ಟಗೆ ನಿಂತ.