ಬೆಳಕು ಕುಡಿದ ಪೆಟ್ಟಿಗೆ

ಅಚ್ಯುತ ಹಳದಿಪುರ ಕರಿಬಣ್ಣ ಬಳಿದ ಪೆಟ್ಟಿಗೆಯ ಗುಂಡಿ ಒತ್ತಿದ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಬೆಳಕು ಮಾತ್ರ ನೆಲ ಮುಟ್ಟಲಿಲ್ಲ. ಅರ್ಧ ದಾರಿಯಲ್ಲೇ ತಿರುಗಿ, ಸೊಳ್ಳೆಯ ಹಿಂಡಿನ ಹಾಗೆ ಪೆಟ್ಟಿಗೆಯ ಬಾಯೊಳಗೆ ಹೊಕ್ಕಿತು.

"ನೋಡಿದ್ಯಾ ಅಕ್ಕ?" ಅಚ್ಯುತನ ದನಿಯಲ್ಲಿ ಹೆಮ್ಮೆ.

"ಎಂತದ್ದು ನೋಡೂದು? ಏನೂ ಕಾಣೂದಿಲ್ಲ" ಎಂದಳು ಇಂದುಮತಿ.

"ಅದೇ."

ಅಚ್ಯುತ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ಹೆಂಡತಿ ವೃಂದಾ ತೀರಿಕೊಂಡಾಗ ನಾಲ್ಕು ದಿನ ಇದ್ದು ಹೋಗೋಣವೆಂದು ಕಾರವಾರಕ್ಕೆ ಬಂದ ಇಂದುಮತಿ ಹೊನ್ನಾವರಕ್ಕೆ ಮರಳಲೇ ಇಲ್ಲ. ತಮ್ಮ ಊಟ ಮಾಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಆಡಿದರೆ ಜೆಲ್ಲಿ ಮೀನಿನದೊಂದೇ ಮಾತು. ಸಂಶೋಧನೆಯ ಹಡಗೊಂದು ಕಡಲಿನ ತಳದಿಂದ ಕಡಲೆಕಾಳಿನಷ್ಟೇ ದೊಡ್ಡವಾದ ಎರಡು ಜೆಲ್ಲಿ ಮೀನುಗಳನ್ನು ಜೀವಂತ ತಂದಿತ್ತು. ದಪ್ಪ ಗಾಜಿನ ಜಾಡಿಯಲ್ಲಿ, ಕರಿಬಟ್ಟೆ ಸುತ್ತಿಕೊಂಡು ಅವು ಹಳೇ ಪರಿಚಯದ ಮೇಲೆ ಅವನ ಮನೆ ಸೇರಿದ್ದವು. ಬಟ್ಟೆ ತೆಗೆಯುವ ಹಾಗಿರಲಿಲ್ಲ. ಒಂದು ಬಿಸಿಲುಕೋಲು ಬಿದ್ದರೂ ಸಕ್ಕರೆಯಂತೆ ಕರಗಿಹೋಗುವ ಜೀವ ಅವು. ನಿಜವಾದ ಕತ್ತಲಿದ್ದರೆ ತಾವೇ ಮಿನುಗುತ್ತವೆ, ಆಗ ನೋಡಬಹುದು ಎಂದು ಅಚ್ಯುತ ಈ ಪೆಟ್ಟಿಗೆ ಕಟ್ಟಿದ. ಜಾಡಿಯ ನೀರಿನ ಒತ್ತಡ ಕಾಯುವ ಕೊಳವೆಯನ್ನೂ ಅದಕ್ಕೇ ಬೆಸೆದ.

ಈಗ ಅವನು ಬಟ್ಟೆ ಸರಿಸಿದ. ಕತ್ತಲಲ್ಲಿ ಒಂದು ನೀಲಿ ಚುಕ್ಕೆ ಹೊತ್ತಿ ಆರಿತು. ಸ್ವಲ್ಪ ತಡೆದು ಇನ್ನೊಂದು. ನೋಡಲು ಬಂದಿದ್ದ ಪಕ್ಕದ ಮನೆಯ ರೋಸಿಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಒಂದು ಕೇಳ್ತದೆ, ಇನ್ನೊಂದು ಉತ್ತರ ಕೊಡ್ತದೆ" ಎಂದ ಅಚ್ಯುತ ಮೆಲ್ಲಗೆ. "ಇದನ್ನ ವೃಂದಾ ನೋಡ್ಬೇಕಿತ್ತು."

ಅವಳು ಹೋದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಕತ್ತಲಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡು ಇಂದುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಅವಳು ಅಡುಗೆಮನೆಗೆ ಹೋದರೆ ಕತ್ತಲೂ ಹಿಂದೆಯೇ ಬಂತು. ಅಚ್ಯುತ ಗುಂಡಿ ಆರಿಸಿದ, ಪೆಟ್ಟಿಗೆ ನಿಲ್ಲಲಿಲ್ಲ. ವೈರು ಕಿತ್ತ, ಆಗಲೂ ನಿಲ್ಲಲಿಲ್ಲ. ಕುಡಿದ ಬೆಳಕಿನ ಬಲದಿಂದಲೇ ಅದು ಇನ್ನಷ್ಟು ಕುಡಿಯುತ್ತಿದೆ ಎಂದು ಅವನಿಗೆ ಹೊಳೆದದ್ದು ಮರುದಿನ, ಕತ್ತಲು ಅಂಗಳ ದಾಟಿ ರೋಸಿಬಾಯಿಯ ಹಿತ್ತಲಿಗೆ ಇಳಿದ ಮೇಲೆ. ಅಲ್ಲಿ ಒಣಹಾಕಿದ್ದ ಬಂಗುಡೆ ಮೀನು ಒಣಗುವ ಬದಲು ನಾರತೊಡಗಿತು. ಕೋಳಿಗಳು ಗೂಡಿನಿಂದ ಇಳಿಯಲೊಲ್ಲವು. ಓಣಿಯ ತುದಿಯ ಕ್ಷೌರದ ಅಂಗಡಿಯಿಂದ ಒಬ್ಬ ಗಿರಾಕಿ ಅರ್ಧ ಮೀಸೆಯಲ್ಲೇ ಎದ್ದು, ಮದುವೆ ಮಾತುಕತೆಗೆ ಹೊರಟುಹೋದನಂತೆ. ಕಾರಣ ಹುಡುಕಲು ಓಣಿಯವರೆಲ್ಲ ಟಾರ್ಚ್ ಹಿಡಿದು ಬಂದರು. ಪೆಟ್ಟಿಗೆಗೆ ಅದು ಹಬ್ಬದೂಟ! ಅಷ್ಟೂ ಕುಡಿದು ಕತ್ತಲನ್ನು ಬಂದರಿನ ಕಡೆಗೆ ಚಾಚಿತು.

ಮಧ್ಯಾಹ್ನ ರೋಸಿಬಾಯಿ ಗೋಡೆ ತಡವುತ್ತ ಬಂದಳು. ಜಗಳಕ್ಕೆ ಬಂದಳೆಂದುಕೊಂಡಳು ಇಂದುಮತಿ. ಆದರೆ ಅವಳು ಬಂಗುಡೆಯ ಮಾತೇ ಎತ್ತಲಿಲ್ಲ.

"ಸಂಜೆ ನಮ್ಮನೆಯವರ ದೋಣಿ ಬರ್ತದೆ ಮೇಷ್ಟ್ರೇ. ಬಂದರಿನ ದೀಪ ಕಾಣದಿದ್ರೆ ಬಂಡೆಗೆ ಹೊಡೀತದೆ."

ಪೆಟ್ಟಿಗೆಯನ್ನು ಮುಚ್ಚಿ ಉಪವಾಸ ಕೆಡವಿದರೆ ಅದು ಸಾಯುತ್ತದೆ ಎಂದ ಅಚ್ಯುತ. ಆದರೆ ಸಾಯುವಾಗ ಕುಡಿದದ್ದನ್ನೆಲ್ಲ ಕಾರಿಕೊಳ್ಳುತ್ತದೆ. ಜಾಡಿ ಅದರ ಬಾಯಿಯ ಎದುರಿಗೇ ಇದೆ, ಅಷ್ಟು ಬೆಳಕನ್ನು ಕರಿಬಟ್ಟೆ ತಡೆಯದು. ಕೊಳವೆ ಬಿಚ್ಚಿದರೆ ಒತ್ತಡ ಹೋಗಿ ಅವೆರಡೂ ಒಡೆಯುತ್ತವೆ.

"ಬೇರೆ ದಾರಿ ಇಲ್ವಾ?" ಇಂದುಮತಿ ಕೇಳಿದಳು.

"ಕಂಬಳಿ ಕೊಡು ಅಕ್ಕ."

ಅವಳು ಕಪಾಟು ತಡಕಾಡಿ ತಂದಳು. ಅವನು ಕೂಡಲೇ ಹೊದಿಸಲಿಲ್ಲ. ಒಂದು ಚುಕ್ಕೆ ಮಿನುಗಿತು, ಇನ್ನೊಂದು ಉತ್ತರ ಕೊಟ್ಟಿತು. ಆಮೇಲೆ ಹೊದಿಸಿದ.

ಪೆಟ್ಟಿಗೆ ಹಸಿದ ಹೊಟ್ಟೆಯಂತೆ ಗುರುಗುಟ್ಟಿತು, ನಡುಗಿತು, ಕಡೆಗೆ ಕಂಬಳಿಯನ್ನು ಸೂರಿಗೆ ಎಸೆದು ಕಾರಿಕೊಂಡಿತು. ಟ್ಯೂಬ್‌ಲೈಟು, ಟಾರ್ಚು, ಇಡೀ ಓಣಿಯ ಬಿಸಿಲು ಎಲ್ಲ ಒಂದೇ ಸಲಕ್ಕೆ! ಹೊರಗೆ ಜನ ಕಣ್ಣು ಮುಚ್ಚಿಕೊಂಡೇ ಚಪ್ಪಾಳೆ ತಟ್ಟಿದರು. ಸಂಜೆ ದೋಣಿ ಸುಖವಾಗಿ ದಡ ಸೇರಿತು. ಜಾಡಿಯಲ್ಲಿ ಬರಿಯ ತಿಳಿನೀರಿತ್ತು. ಅಚ್ಯುತ ಅದರ ಮೇಲಿಟ್ಟ ಕೈ ತೆಗೆಯಲಿಲ್ಲ.

ಅಷ್ಟು ಬೆಳಕು ಹೊರಗೆ ಹೋಗಲು ಕಿಟಕಿ ಸಾಲದೆ ಗೋಡೆಯೊಳಗೇ ಇಂಗಿಬಿಟ್ಟಿತು. ಅಂದಿನಿಂದ ಆ ಮನೆಯಲ್ಲಿ ಹಗಲಿರುಳೂ ಇಳಿಮಧ್ಯಾಹ್ನ. ಓಣಿಯ ಹೆಂಗಸರು ರಾತ್ರಿ ಊಟ ಮುಗಿಸಿ ಅಕ್ಕಿ ಆರಿಸಲು ಅಲ್ಲಿಗೇ ಬರುತ್ತಾರೆ. ಕತ್ತಲು ಉಳಿದದ್ದು ಮಂಚದ ಕೆಳಗೆ ಒಂದಿಷ್ಟು. ಅಚ್ಯುತ ಚಾಪೆ ಹಾಸಿಕೊಂಡು ಅಲ್ಲೇ ಮಲಗುತ್ತಾನೆ.

ಒಂದು ದಿನ ಇಂದುಮತಿ ಗುಡಿಸುತ್ತಿದ್ದಾಗ ಕೆಳಗಿನಿಂದ ಅವನ ದನಿ ಕೇಳಿಸಿತು: "ಕಣ್ಣು ಮುಚ್ಚಿದ್ರೆ ಇನ್ನೂ ಮಿನುಗ್ತಾವೆ ಅಕ್ಕ."

ಅವಳು ಬಗ್ಗಿ, ಪೊರಕೆಯನ್ನು ಮಂಚದಡಿಗೆ ತೂರಿಸಿದಳು.

"ಮಿನುಗಲಿ. ಹೇಗೂ ಅಲ್ಲಿದ್ದೀಯಲ್ಲ, ಆ ಮೂಲೆಯ ಕಸ ಈಚೆ ತಳ್ಳು."