ಗಣಿ ತಾತನ ಕಣ್ಣಿಗೆ ಲೇಸರ್

ನನಗೆ ಬಿ.ಪಿ. ಯಾಕೆ ಬಂತು ಅಂತ ಮನೆಯಲ್ಲಿ ಕೇಳುತ್ತಾರೆ. ಬಂಗಾರಪೇಟೆಯ ಒಂದು ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದನ್ನು ರೋಗಿಗಳ ತಲೆಗೆ ಹೋಗೋ ಹಾಗೆ ತಿಳಿಸುವುದು ನನ್ನ ಕೆಲಸ. ಯಾವುದಾದರೂ ವಾರ ಏನೂ ಎಡವಟ್ಟು ಆಗಲಿಲ್ಲ ಅಂದರೆ ಆ ವಾರ ನಾನು ರಜೆಯಲ್ಲಿದ್ದೆ ಅಂತಲೇ ಅರ್ಥ. ಆದರೂ ಚಾಂಪಿಯನ್ ರೀಫ್ಸಿನ ತಾತ ಒಬ್ಬನೇ ನನ್ನ ಇಡೀ ವರ್ಷದ ಎಡವಟ್ಟಿನ ಪಾಲನ್ನು ಮುಗಿಸಿಬಿಟ್ಟ.

ಅಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ದುಡಿದವನು. ಬಲಗಣ್ಣು ಆಗಲೇ ಹೋಗಿತ್ತು. ಈಗ ಎಡಗಣ್ಣಿನ ಒಳಪರದೆಯಲ್ಲಿ ರಕ್ತನಾಳ ಸೋರುತ್ತಿತ್ತು. ಅದೂ ಹೋದರೆ ಎದುರಿಗೆ ಕೂತ ಹೆಂಡತಿಯ ಮುಖವೂ ಕಾಣುವುದಿಲ್ಲ.

೧. ಸೊಟ್ಟ

ಮೊದಲ ದಿನ ಚೌಕಳಿ ಗೆರೆಗಳ ಹಾಳೆ ತೋರಿಸಿದೆ. "ತಾತ, ನಡುವಿನ ಚುಕ್ಕೆ ನೋಡು. ಗೆರೆ ನೆಟ್ಟಗಿವೆಯಾ?"

"ಸೊಟ್ಟ ಐತೆ. ಯಾರಮ್ಮ ಗೀಚಿದ್ದು?"

"ಗೆರೆ ನೆಟ್ಟಗೇ ಇದೆ. ನಿನ್ನ ಕಣ್ಣಿಗೆ ಹಾಗೆ ಕಾಣೋದು."

ತಾತ ತಲೆಯೆತ್ತಿ ಬಾಗಿಲು ನೋಡಿದ. ಅದೂ ಸೊಟ್ಟ. ಕಿಟಕಿ ನೋಡಿದ, ಅದೂ ಸೊಟ್ಟ. ತಟ್ಟನೆ ಎದ್ದು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ರಟ್ಟೆ ಹಿಡಿದ. "ಏಳೇ, ಆಚೆ ನಡಿ! ಗಣೀಲಿ ಆನಿಸಿರೋ ಮರ ಬಗ್ತು ಅಂದ್ರೆ ಮೇಲಿರೋದು ಬೀಳ್ತದೆ! ನೀನೂ ಬಾಮ್ಮ, ಇನ್ನೂ ಚಿಕ್ಕ ವಯಸ್ಸು!"

ಇಬ್ಬರನ್ನೂ ಎಳೆದುಕೊಂಡು ರಸ್ತೆಗೇ ಬಂದ. ಕರ್ಮ ನನ್ನದು! ಸಿಟ್ಟಿನಲ್ಲಿ ಎದುರಿನ ಕರೆಂಟು ಕಂಬ ತೋರಿಸಿದೆ. "ನೋಡು, ಇದೂ ಸೊಟ್ಟ ಕಾಣುತ್ತಲ್ಲ? ಈಗಲಾದರೂ ಒಪ್ಪಿಕೋ, ತಪ್ಪು ನಿನ್ನ ಕಣ್ಣಿನದೇ."

ತಾತನ ಹೆಂಡತಿ ನನ್ನ ಕೈ ತಟ್ಟಿದಳು. "ಇಲ್ಲ ಕಣಮ್ಮಣ್ಣಿ, ಅದು ನಿಜವಾಗ್ಲೂ ಸೊಟ್ಟಗೇ ಐತೆ. ಓದ ವರ್ಷ ಲಾರಿ ಗುದ್ತಲ್ಲ."

೨. ಐದು ದಿನ

ಇನ್ನೊಂದು ದಿನ ಚಿಕಿತ್ಸೆ ವಿವರಿಸಲು ಕೂತೆ. "ಕೈನರಕ್ಕೆ ಒಂದು ಔಷಧಿ ಹಾಕ್ತೀವಿ. ಅದು ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತೆ. ಅದಕ್ಕೇ ಕಣ್ಣಲ್ಲಿ ಸೋರೋ ಜಾಗಕ್ಕಷ್ಟೇ ಗುರಿಯಿಟ್ಟು ಎಂಬತ್ತಮೂರು ಸೆಕೆಂಡು ಲೇಸರ್ ಬಿಡ್ತಾರೆ. ಆಮೇಲೆ ಐದು ದಿನ ಬಿಸಿಲು ಬೀಳಬಾರದು, ಚರ್ಮ ಸುಡುತ್ತೆ."

ತಾತ ಗಹಗಹಿಸಿ ನಕ್ಕ. "ಜನ್ಮವೆಲ್ಲ ಕತ್ತಲಲ್ಲಿ ಕೆಲ್ಸ ಮಾಡ್ದೋನು ನಾನು. ನಂಗೇ ಬಿಸ್ಲು ಪಾಠಾನಾ?" ಅಂತ ಬೆಳಿಗ್ಗೆ ಶುರುವಾದ ಗಣಿಯ ಕತೆ ಮಧ್ಯಾಹ್ನ ಹನ್ನೆರಡಾದರೂ ಮುಗಿಯಲಿಲ್ಲ. ನಾನು ತಾತನ ಹೆಂಡತಿಯ ಕಡೆ ತಿರುಗಿದೆ. "ಅಮ್ಮಾ, ಟೀ ಅಂಗಡಿಗೂ ಬಿಡಬೇಡಿ. ಹಗಲೆಲ್ಲ ಮನೆಯಲ್ಲೇ ಇರಬೇಕು."

"ಐದು ದಿನಾನೂ? ಹಗಲೆಲ್ಲಾನೂ?"

"ಹೌದಮ್ಮ."

ಆಕೆ ಕ್ಯಾಸಂಬಳ್ಳಿ ಕಡೆಯ ಹೆಣ್ಣುಮಗಳು, ಮುಚ್ಚುಮರೆ ಇಲ್ಲ. ಗಂಡನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಅಷ್ಟು ಗುರಿಯಿಟ್ಟು ಬಿಡ್ತಾರೆ ಅಂತೀಯಲ್ಲಮ್ಮ, ಕಣ್ಣಿಗೆ ಬಿಟ್ಟು ಮಿಕ್ಕಿದ್ದು ಒಂಚೂರು ಬಾಯಿಗೂ ಬಿಡ್ತಾರಾ ಕೇಳು."

೩. ಫೈರ್

ಲೇಸರ್ ದಿನ ಚಾಂಪಿಯನ್ ರೀಫ್ಸಿನಿಂದ ವ್ಯಾನ್ ತುಂಬಾ ಹಳೇ ಗಣಿಯವರು ಕಣ್ಣು ತೋರಿಸಲು ಬಂದಿದ್ದರು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡು, ಕಣ್ಣೆಲ್ಲ ಮಂಜುಮಂಜಾಗಿ, ಹೊರಗಿನ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಬಾಗಿಲ ಬಳಿ ತಾತನ ಹೆಂಡತಿ ನನ್ನ ಕೈ ಬಿಡಲೇ ಇಲ್ಲ. "ಅದೊಂದೇ ಉಳಿದಿರೋದು ಕಣಮ್ಮ, ಉಸಾರು" ಅಂದಳು. 

ಔಷಧಿ ಮೈಗೇರಿತು. ಇನ್ನು ಕೆಲವೇ ನಿಮಿಷದೊಳಗೆ ಲೇಸರ್ ಬೀಳದಿದ್ದರೆ ಅದು ವ್ಯರ್ಥ. ತಾತ ಮೆಷಿನ್ನಿನ ಮೇಲೆ ಗಲ್ಲ ಇಟ್ಟ. ಪೆಡಲ್ ತುಳಿಯುವ ಮುಂಚೆ ಒಂದು ಮಾತು ಹೇಳುವುದು ನಮ್ಮ ಡಾಕ್ಟರ ಅಭ್ಯಾಸ. "ರೆಡಿ. ಫೈರ್."

ಸ್ಟೂಲ್ ಖಾಲಿ! ತಾತ ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಿವಿ ಮುಚ್ಚಿಕೊಂಡಿದ್ದ.

ಎಬ್ಬಿಸಿ ಕೂರಿಸಿದೆವು. "ಫೈರ್." ಮತ್ತೆ ಕೆಳಗೆ.

"ನೀವು ಇವರಿಗೆ ಏನೂ ಹೇಳಿಲ್ವೇನ್ರೀ?" ಡಾಕ್ಟರು ನನ್ನ ಮೇಲೆ ಹಾರಿಬಿದ್ದರು. ನಾನು ಮೇಜಿನ ಕೆಳಗೇ ತೂರಿದೆ. "ಏನ್ ತಾತ ನಿನ್ನ ಗ್ರಹಚಾರ! ಇರೋದೊಂದು ಕಣ್ಣು, ಹೊತ್ತು ಮೀರ್ತಿದೆ!"

ತಾತ ಕಿವಿಯಿಂದ ಕೈ ತೆಗೆದ. "ಬೇಕಂತ ಮಾಡ್ತೀನಾ? ಗಣಿಯೊಳಗೆ ಫೈರ್ ಅಂದ್ರೆ ಬಂಡೆ ಸಿಡಿದು ಒಗೆ ತುಂಬ್ತದೆ, ಅದು ಕರಗೋವರ್ಗೂ ಯಾರೂ ಮೇಲೇಳಂಗಿಲ್ಲ. ಆ ಮಾತು ಕೇಳಿದ್ರೆ ಕಾಲು ತಾನೇ ಮಡಚ್ಕೊಳ್ತದೆ."

"ಆಯ್ತು, ಹೇಳಲ್ಲ ಬಿಡಿ" ಅಂದರು ಡಾಕ್ಟರು.

"ಫೈರ್ ಅಂತ ಏಳ್ದೇ ಒಡೀತಾರಾ? ಅಯ್ಯೋ, ಅದಿನ್ನೂ ಅಪಾಯ!"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಗ ಒಂದು ಉಪಾಯ ಹೊಳೆಯಿತು. "ತಾತ, ಫೈರ್ ಅಂತ ಕೂಗೋನು ಬಗ್ತಾನಾ?"

"ಅವನ್ಯಾಕೆ ಬಗ್ತಾನೆ? ಎಲ್ರೂ ಅಡಗಿದ್ರಾ ಅಂತ ನೋಡೋ ಮೇಸ್ತ್ರಿ ಅವನು."

"ಹಾಗಾದರೆ ಇವತ್ತು ನೀನೇ ಮೇಸ್ತ್ರಿ. ಕೂಗು!"

ತಾತ ಎದೆ ಸೆಟೆಸಿ ಕೂತ. ಗಲ್ಲ ಇಟ್ಟ. ಕಿಟಕಿ ಗಾಜು ಅದುರುವಂತೆ ಕೂಗಿದ, "ಫೈಯರ್ರ್ರ್!"

ಡಾಕ್ಟರು ಪೆಡಲ್ ತುಳಿದರು. ಎಂಬತ್ತಮೂರು ಸೆಕೆಂಡು ತಾತ ಕಲ್ಲಿನ ಹಾಗೆ ಕೂತ. "ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ" ಅಂದರು ಡಾಕ್ಟರು. ನನಗೆ ಅಳುವೇ ಬಂತು. ತಾತನ ಹೆಂಡತಿಗೆ ಹೇಳಲು ಬಾಗಿಲು ತೆಗೆದು ಓಡಿದೆ.

ಹೊರಗೆ ಆಕೆ ಒಬ್ಬಳೇ ಕೂತಿದ್ದಳು. ಉಳಿದ ಬೆಂಚುಗಳೆಲ್ಲ ಖಾಲಿ. ವ್ಯಾನ್ ತುಂಬಾ ಬಂದಿದ್ದ ಮುದುಕರೆಲ್ಲ ಬೆಂಚುಗಳ ಕೆಳಗೆ ಕಿವಿ ಮುಚ್ಚಿಕೊಂಡು ಮಲಗಿದ್ದರು.

"ಏನೂ ಆಗಿಲ್ಲ, ಎದ್ದೇಳ್ರಪ್ಪಾ!" ಅಂತ ಕಿರುಚಿದೆ.

ಒಬ್ಬ ಮಾತ್ರ ತಲೆ ಹೊರಗೆ ಹಾಕಿ, ಡ್ರಾಪ್ಸ್ ಹಾಕಿದ ಕಣ್ಣನ್ನು ಪಿಳಿಪಿಳಿ ಬಿಟ್ಟು ನಾಲ್ಕೂ ಕಡೆ ನೋಡಿ, ಮತ್ತೆ ಒಳಗೆಳೆದುಕೊಂಡ.

"ಸುಮ್ನಿರಮ್ಮ, ಒಗೆ ಇನ್ನೂ ಅಂಗೇ ಐತೆ!"